ಬೊಂಬಾಯಿಯ ಅಂಚೆ ಮುಷ್ಕರ

"ಬೊಂಬಾಯಿಯಲ್ಲಿ ಶಾಯಿ ಮುಗಿದುಹೋಯಿತೋ ಏನು?"

ಕಾಂತಿ ಯಾರ ಮುಖವನ್ನೂ ನೋಡದೆ ಕೇಳಿದಳು. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ ಕುಳಿತಿದ್ದ ಅವಳ ಕಣ್ಣು ಗದ್ದೆಯಾಚೆಯ ರಸ್ತೆಯ ಮೇಲಿತ್ತು. ಅಂಚೆಯವನು ಆಗಷ್ಟೇ ಇವರ ಅಂಗಳದ ಕಡೆಗೆ ತಿರುಗದೆ ದಾಟಿ ಹೋಗಿದ್ದ.

ಗಾಳಿಗೆ ಕೇಳಿದ ಪ್ರಶ್ನೆ. ಆದರೂ ಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಒಳಗೆ ತಾಯಿ ಸರಸ ಹಪ್ಪಳ ಒತ್ತುತ್ತಿದ್ದ ಸದ್ದು ನಿಂತು, ಮತ್ತೆ ಶುರುವಾಯಿತು. ಸೋದರಮಾವ ಚಿನ್ನಯ್ಯ ಶೆಟ್ಟರು ಎದುರಿಗೇ ಇದ್ದ ಸುಣ್ಣದ ಡಬ್ಬಿಯನ್ನು ಎಲೆಪೆಟ್ಟಿಗೆಯೊಳಗೆ ಹುಡುಕತೊಡಗಿದರು. ತಮ್ಮ ಲೋಕನಾಥ ಮಾತ್ರ ಮರೆ ಹುಡುಕಬೇಕಾಗಿರಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಮಂಗಳೂರಿನಿಂದ ಬಂದ ಪತ್ರಿಕೆ ಅವನ ಕೈಯಲ್ಲಿತ್ತು. ಅದನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡ.

"ನಿಲ್ಲಿಸಿದ್ದು ಯಾಕೆ ಲೋಕು? ಮುಂದೆ ಓದು," ಎಂದಳು ಕಾಂತಿ.

ಅವನ ಕಣ್ಣಿನೆದುರು ಇದ್ದದ್ದು ಗೊಬ್ಬರದ ಜಾಹೀರಾತು. ಅವನ ಬಾಯಿಂದ ಹೊರಟದ್ದು ಬೇರೆ.

"ಬೊಂಬಾಯಿ. ನಗರದ ಅಂಚೆ ನೌಕರರು ಸಂಬಳದ ವಿಚಾರವಾಗಿ ಮುಷ್ಕರ ಹೂಡಿರುವುದರಿಂದ ಹೊರ ಊರುಗಳಿಗೆ ಹೋಗತಕ್ಕ ಟಪಾಲು ಮೂಟೆಗಳು ಹಾಗೆಯೇ ಉಳಿದುಬಿಟ್ಟಿವೆ. ಇತ್ಯರ್ಥ ಎಂದಿಗಾಗುವುದೆಂದು ತಿಳಿದುಬಂದಿಲ್ಲ."

ಓದುವಾಗ ದನಿ ಎಲ್ಲಿಯೂ ಎಡವಲಿಲ್ಲ. ಅದೇ ಅವನನ್ನು ಹೆದರಿಸಿತು.

ಕಾಂತಿ ಎರಡೂ ಕೈಗಳಿಂದ ಹೊಟ್ಟೆಯನ್ನು ಹಿಡಿದುಕೊಂಡು ನಕ್ಕಳು. "ಹಾಗೆ ಹೇಳು! ನಾನು ಪಾಪ, ಅವರಿಗೆ ಬೈದದ್ದೇ ಬೈದದ್ದು. ಬರಲಿ, ಬಂದ ಮೇಲೆ ಹೇಳ್ತೇನೆ ನೀವು ಬೈಗುಳ ತಿಂದದ್ದು ಸರಕಾರದ ದೆಸೆಯಿಂದ ಅಂತ."

ಚಿನ್ನಯ್ಯ ಶೆಟ್ಟರು ಎದ್ದು ಅಂಗಳಕ್ಕೆ ಇಳಿದು, ಉಗುಳಲು ಏನೂ ಇಲ್ಲದಿದ್ದರೂ ಒಮ್ಮೆ ಉಗುಳಿದರು.

ಕಾಂತಿಯ ಗಂಡ ಶಂಭು ಬೊಂಬಾಯಿಯ ಒಂದು ಹೋಟೆಲಿನಲ್ಲಿ ಪಾಲುದಾರನಾಗಿದ್ದ. ಹಿಂದಿನ ತಿಂಗಳು ಓಡುವ ಲೋಕಲ್ ರೈಲು ಹತ್ತಲು ಹೋಗಿ ಬಿದ್ದು ಸತ್ತ. ತಂತಿ ಬಂದದ್ದು ಮೂಡುಬಿದ್ರೆಯ ಅಂಚೆ ಕಚೇರಿಗೆ, ಚಿನ್ನಯ್ಯ ಶೆಟ್ಟರ ಹೆಸರಿಗೆ. ಅವರು ಅದನ್ನು ಬನಿಯನಿನ ಒಳಗಿಟ್ಟುಕೊಂಡು ಪುತ್ತಿಗೆಯವರೆಗೆ ನಡೆದೇ ಬಂದರು. ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದರೆ ಎಂಬ ಭಯ. ಬಂದವರು ತಂಗಿ ಸರಸಳನ್ನು ದನದ ಕೊಟ್ಟಿಗೆಗೆ ಕರೆದು ಹೇಳಿದರು. ಸರಸ ಕಿರುಚದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಾಂತಿಗೆ ಆಗ ಏಳು ತಿಂಗಳು. ಹಿಂದಿನ ಎರಡು ಸಲವೂ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ಅವಳೇ ಉಳಿದದ್ದು ದೇವರ ದಯೆ ಎಂದು ಬಿದ್ರೆಯ ಡಾಕ್ಟ್ರಮ್ಮ ಹೇಳಿದ್ದರು. ಈ ಸಲ ಮನಸ್ಸಿಗೆ ಪೆಟ್ಟಾಗುವ ಮಾತು ಅವಳ ಕಿವಿಗೆ ಬೀಳಲೇಬಾರದು ಎಂದಿದ್ದರು. ಬಸುರಿಗೆ ಸಾವಿನ ಸುದ್ದಿ ಹೇಳಬಾರದೆಂಬುದು ಡಾಕ್ಟ್ರಮ್ಮ ಹೇಳುವ ಮೊದಲೇ ಊರಿಗೆ ಗೊತ್ತಿದ್ದ ಮಾತು. ಅಲ್ಲದೆ ಹೆಣ್ಣಿನಿಂದ ಕುಟುಂಬ ಬೆಳೆಯುವ ಮನೆ ಅದು. ಕಾಂತಿಯ ಹೊಟ್ಟೆಯಲ್ಲಿ ಇದ್ದದ್ದು ಬರಿಯ ಅವಳ ಮಗುವಲ್ಲ.

ಹಾಗೆ, ಬೆಳ್ತಂಗಡಿಯ ಕಡೆಯ ತನ್ನ ಹುಟ್ಟುಮನೆಯಲ್ಲಿ ಸತ್ತಿದ್ದ ಶಂಭು, ಪುತ್ತಿಗೆಯ ಹೆಂಡತಿಯ ಮನೆಯಲ್ಲಿ ಬದುಕಿದ್ದ.

ಲೋಕನಾಥ ಮೈಸೂರಿನಲ್ಲಿ ಬಿ.ಎ.ಗೆ ಪತ್ರಿಕೋದ್ಯಮವನ್ನು ಆರಿಸಿಕೊಂಡಾಗ ಮನೆಯಲ್ಲಿ ಯಾರಿಗೂ ಅದು ಏನೆಂದು ತಿಳಿದಿರಲಿಲ್ಲ. "ಸುದ್ದಿ ಹೇಳ್ಲಿಕ್ಕೆ ಡಿಗ್ರಿ ಎಂತಕೆ ಮಾರಾಯ?" ಎಂದು ಮಾವ ಗೇಲಿ ಮಾಡಿದ್ದರು. "ನಮ್ಮ ಮಾಯಿಲಪ್ಪ ಯಾವ ಕಾಲೇಜಿಗೆ ಹೋಗಿದ್ದಾನೆ? ಬಿದ್ರೆ ಪೇಟೆಯಲ್ಲಿ ಯಾರಿಗೆ ಶೀತ ಆದದ್ದೂ ಅವನಿಗೆ ಗೊತ್ತುಂಟು." ಗೇಲಿ ಮಾಡುತ್ತಲೇ ಟ್ರಂಕು ಹೊರಿಸಿಕೊಂಡು ಮಾಣಿ ಪೇಟೆಯವರೆಗೆ ಬಂದು ಮೈಸೂರಿನ ಬಸ್ಸು ಹತ್ತಿಸಿದ್ದರು. ಈಗ ಕೊನೆಯ ವರ್ಷ. ಬೇಸಗೆಯ ರಜೆ ಮುಗಿಸಿ ಹಿಂತಿರುಗುವಾಗ ಅವನು ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಸುದ್ದಿಗಳ ಒಂದು ಕಟ್ಟನ್ನೂ, ತಾನೇ ಬರೆದ ಒಂದು ವರದಿಯನ್ನೂ ಒಯ್ಯಬೇಕಿತ್ತು.

"ಬರೆದದ್ದನ್ನು ಗಟ್ಟಿಯಾಗಿ ಓದಿ," ಎಂದು ಅವನ ಅಧ್ಯಾಪಕರು ಹೇಳುತ್ತಿದ್ದರು. "ಕಣ್ಣು ಕ್ಷಮಿಸುತ್ತದೆ. ಕಿವಿ ಕ್ಷಮಿಸುವುದಿಲ್ಲ." ಮುಖ್ಯವಾದದ್ದು ಮೊದಲ ವಾಕ್ಯದಲ್ಲೇ ಬಂದುಬಿಡಬೇಕು, ಬಾಲವನ್ನು ಎಲ್ಲಿ ಕತ್ತರಿಸಿದರೂ ತಲೆ ಉಳಿಯಬೇಕು ಎಂಬುದೂ ಅವರದೇ ಪಾಠ. ಲೋಕನಾಥನಿಗೆ ಅದು ಸುಲಭಕ್ಕೆ ಒಗ್ಗಿರಲಿಲ್ಲ. ಅವನು ಬೆಳೆದದ್ದು ಸಂಜೆ ಕೈಕಾಲು ತೊಳೆದು, ದೀಪದೆದುರು ಪುರಾಣ ಓದುವ ಮನೆಯಲ್ಲಿ. ಅಜ್ಜನ ಕಣ್ಣು ಮಂಜಾದ ಮೇಲೆ ಓದುವ ಸರದಿ ಅವನದಾಗಿತ್ತು. ಪುರಾಣದಲ್ಲಿ ಯಾರೂ ದುಃಖದ ಮಾತನ್ನು ಮೊದಲ ಸಾಲಿನಲ್ಲಿ ಹೇಳುವುದಿಲ್ಲ. ಕಾಡು ಬರುತ್ತದೆ, ಹೊಳೆ ಬರುತ್ತದೆ, ಅಪಶಕುನ ಬರುತ್ತದೆ. ಕೇಳುವವರ ಎದೆ ಹದವಾದ ಮೇಲೆ ಪೆಟ್ಟು.

ಕಾಂತಿ ಆ ಓದನ್ನು ಕೇಳಿಯೇ ದೊಡ್ಡವಳಾದವಳು. ಅಕ್ಷರ ಬರುತ್ತಿತ್ತು; ಐದನೆಯ ತರಗತಿಯ ತನಕ ಕಲಿತಿದ್ದಳು. ಆದರೆ ಬೆರಳಿಟ್ಟು ಓದುವುದಕ್ಕಿಂತ ಕಣ್ಣು ಮುಚ್ಚಿ ಕೇಳುವುದೇ ಅವಳಿಗೆ ಇಷ್ಟ. ತಮ್ಮ ರಜೆಗೆ ಬಂದಂದಿನಿಂದ ಮಧ್ಯಾಹ್ನ ಪತ್ರಿಕೆ, ಸಂಜೆ ಪುರಾಣ, ಎರಡೂ ಅವನ ಬಾಯಿಂದ ಆಗಬೇಕು.

ಶಂಭುವಿನ ಉತ್ತರಕ್ರಿಯೆಗೆ, ಬೊಜ್ಜದ ದಿನ, ಮಾವ, ಅಳಿಯ ಇಬ್ಬರೂ ಬಂಟ್ವಾಳದ ಕೋರ್ಟಿನಲ್ಲಿ ಕೇಸು ಉಂಟೆಂದು ಹೇಳಿ ಬೆಳ್ತಂಗಡಿಯ ಬಸ್ಸು ಹತ್ತಿದ್ದರು. ಬೊಜ್ಜದ ಊಟ ಬಡಿಸಿದ ಚಪ್ಪರದಲ್ಲಿ ಶಂಭುವಿನ ತಾಯಿ ಲೋಕನಾಥನ ಮುಂಗೈ ಹಿಡಿದುಕೊಂಡಳು. "ನಿಮ್ಮ ಮನೆಯಲ್ಲಿ ನನ್ನ ಮಗನನ್ನು ಇನ್ನೂ ಇಟ್ಟುಕೊಂಡಿದ್ದೀರಂತೆ," ಎಂದಳು. "ಪುಣ್ಯವಂತರು. ನನಗೆ ಆಗ್ಲಿಲ್ಲ ನೋಡು." ಅವಳು ಕುಟುಕಿದಳೋ ಹರಸಿದಳೋ ಅವನಿಗೆ ತಿಳಿಯಲಿಲ್ಲ. ತಿರುಗಿ ಬರುವಾಗ ಮಾವ ಬಸ್ಸಿನ ಕಿಟಕಿಗೆ ಹಣೆಯಾನಿಸಿಕೊಂಡು ಕುಳಿತಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ಮಾತ್ರ "ಕೇಸು ಮುಂದಕ್ಕೆ ಹೋಯ್ತು ಮಾರಾಯ್ತಿ! ಆ ವಕೀಲನಿಗೆ ತಲೆ ಇಲ್ಲ" ಎಂದು ಜೋರಾಗಿ ಕೂಗಿದರು.

ಸುಳ್ಳು ಒಂದೊಂದಾಗಿ ಮನೆಯಲ್ಲಿ ತಳ ಊರಿತು. ಗಂಡ ಸತ್ತ ಸೂತಕದವಳು ದೇವರ ಕೋಣೆಗೆ ಕಾಲಿಡಬಾರದಲ್ಲ. ತಿಂಗಳು ತುಂಬಿದವರು ದೇವರ ಕೋಣೆಯ ಹೊಸ್ತಿಲು ದಾಟಬಾರದೆಂದು ಸರಸ ಹೊಸ ನಿಯಮ ಮಾಡಿದಳು. "ಹೋದ ಸಲ ಈ ನಿಯಮ ಇರ್ಲಿಲ್ವಲ್ಲ ಅಮ್ಮ?" ಎಂದು ಕಾಂತಿ ಕೇಳಿದಳು. "ಇರ್ಲಿಲ್ಲ, ಅದಕ್ಕೇ ಹಾಗಾದದ್ದು," ಎಂದಳು ಸರಸ. ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುವಾರ ಪತ್ರಿಕೆಯ ಮೂಲೆಯಲ್ಲಿ ಬೊಂಬಾಯಿಯಲ್ಲಿರುವ ಊರಿನವರು ಸೇರಿ ಶಂಭುವಿಗಾಗಿ ನಡೆಸಿದ ಸಂತಾಪ ಸಭೆಯ ಸುದ್ದಿ ಬಂತು. ಹೆಸರು, ಊರು, ಎಲ್ಲ ಇತ್ತು. ಲೋಕನಾಥ ಬಸ್ಸಿನವನ ಕೈಯಿಂದ ಪತ್ರಿಕೆ ತೆಗೆದುಕೊಂಡವನು ಮನೆಗೆ ಬರುವ ಮೊದಲೇ ಅದನ್ನು ಕಂಡ. ಕೊಟ್ಟಿಗೆಯ ಹಿಂದೆ ನಿಂತು ಕತ್ತರಿಸಿ ತೆಗೆದು, ಹರಿದು, ಗೊಬ್ಬರದ ಗುಂಡಿಗೆ ಹಾಕಿದ. ಪತ್ರಿಕೆಯಲ್ಲಿ ಬಿದ್ದ ತೂತಿನ ಬಗ್ಗೆ ಯಾರೂ ಕೇಳಲಿಲ್ಲ. ಕಾಲೇಜಿಗೆಂದು ಅವನು ದಿನವೂ ಕತ್ತರಿಸುತ್ತಿದ್ದ. ಆ ಓದು ಅವನಿಗೆ ಮಾಡಿದ ಮೊದಲ ಉಪಕಾರ ಇದು ಎಂದು ಅನಿಸಿ ಅವನಿಗೇ ಅಸಹ್ಯವಾಯಿತು.

ಮುಷ್ಕರದ ಸುದ್ದಿ ಕೇಳಿದ ಮಾರನೆಯ ದಿನ ಕಾಂತಿ ಹಳೆಯ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು, ಬೆರಳಿಟ್ಟು, ಸಾಲು ಸಾಲೇ ನೋಡುತ್ತಿದ್ದಳು.

"ಎಂತ ಹುಡುಕುವುದು ಅಕ್ಕ?"

"ನಿನ್ನೆಯ ಮುಷ್ಕರ. ಎಲ್ಲಿಯೂ ಕಾಣುವುದಿಲ್ಲವಲ್ಲ."

"ಅದು... ಅದನ್ನು ಕತ್ತರಿಸಿ ತೆಗೆದೆ. ಕಾಲೇಜಿಗೆ ಬೇಕಿತ್ತು."

"ತೆಗೆದದ್ದನ್ನು ಕೊಡು. ಕೂತು ಒಮ್ಮೆ ನಾನೇ ಓದ್ತೇನೆ. ಬೇರೆ ಕೆಲಸ ಎಂತ ಉಂಟು ನನಗೆ? ದೇವರ ಕೋಣೆಗೂ ಹೋಗ್ಲಿಕ್ಕಿಲ್ಲ."

"ಎಲ್ಲಿಟ್ಟೆನೋ. ಹುಡುಕಿ ಕೊಡ್ತೇನೆ."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಬೈಗುಳವಿರಲಿಲ್ಲ, ಅನುಮಾನವೂ ಅಲ್ಲ. ಪುರಾಣ ಓದುವಾಗ ಅವನು ಒಂದು ಪದ್ಯ ಹಾರಿಸಿದರೆ ನೋಡುವ ನೋಟ. ಅಂದು ಸಂಜೆ ಅವಳು ಗಂಜಿ ಮುಟ್ಟಲಿಲ್ಲ. ಮರುದಿನವೂ ಅಷ್ಟೆ. ಡಾಕ್ಟ್ರಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, "ಹೀಗೆ ಉಪವಾಸ ಕೂತರೆ ಮಗುವಿಗೆ ಎಂತ ಕೊಡ್ತೀ?" ಎಂದು ಗದರಿ, ಹೊರಗೆ ಬಂದು ಚಿನ್ನಯ್ಯ ಶೆಟ್ಟರ ಹತ್ತಿರ ಮೆಲ್ಲನೆ, ಹೀಗೇ ಆದರೆ ಹೋದ ಸಲದಂತೆಯೇ ಆದೀತು ಎಂದು ಹೇಳಿ ಹೋದರು.

"ಬಾಯಿಮಾತು ಸಾಕಾಗುವುದಿಲ್ಲ ಅಳಿಯ," ಎಂದರು ಮಾವ, ಅವನನ್ನು ಬೈಹುಲ್ಲಿನ ಮೆದೆಯ ಹಿಂದೆ ನಿಲ್ಲಿಸಿಕೊಂಡು. "ಅವಳಿಗೆ ಅಚ್ಚು ಬೇಕು. ಅಚ್ಚು ಬಿದ್ದದ್ದನ್ನು ನಂಬದವರು ಯಾರುಂಟು? ಅಬ್ದುಲ್ಲನ ಪ್ರೆಸ್ಸಿಗೆ ಹೋಗುವ."

"ಮಾವ, ಸುಳ್ಳು ಸುದ್ದಿ ಅಚ್ಚು ಹಾಕಿಸುವುದಾ?"

"ಸುಳ್ಳು ಬಾಯಲ್ಲಿ ಹೇಳಿದವ ನೀನೇ ಅಲ್ವೋ? ನಾನು ಹೇಳಿಕೊಟ್ಟದ್ದಾ? ಈಗ ಬರೆಯುವಾಗ ಮಡಿ ಮಾಡ್ತೀಯಾ?" ಮಾವ ಮೆದೆಯಿಂದ ಒಂದು ಹುಲ್ಲು ಎಳೆದು ಮುರಿದರು. "ಒಂದು ತಿಂಗಳು. ಅಷ್ಟೇ ಮಾರಾಯ. ಮಗು ಅತ್ತ ಮೇಲೆ ಎಲ್ಲರೂ ಅಳುವ."

ಅಬ್ದುಲ್ಲನ ಪ್ರೆಸ್ಸು ಮೂಡುಬಿದ್ರೆಯ ಪೇಟೆಯ ಒಂದು ಓಣಿಯಲ್ಲಿತ್ತು. ಮದುವೆಯ ಕಾಗದ, ಯಕ್ಷಗಾನದ ಮೇಳದ ಹ್ಯಾಂಡ್‌ಬಿಲ್ಲು, ಅಂಗಡಿಯ ರಶೀದಿ, ಅಲ್ಲಿ ಆಗುತ್ತಿದ್ದದ್ದು ಇಷ್ಟೆ. ಚಿನ್ನಯ್ಯ ಶೆಟ್ಟರು ಶಾಲೆಯ ನಾಟಕಕ್ಕೆ ಬೇಕೆಂದು ಹೇಳಿದರು. ನಾಟಕದಲ್ಲಿ ಒಬ್ಬ ಪತ್ರಿಕೆಯ ತುಂಡು ಓದುವ ದೃಶ್ಯ ಉಂಟಂತೆ.

ಲೋಕನಾಥ ಬೆಂಚಿನ ಮೇಲೆ ಕುಳಿತು ಬರೆದ. ಮೈಸೂರಿನಲ್ಲಿ ಎಷ್ಟು ತಿದ್ದಿದರೂ ಹದಕ್ಕೆ ಬಾರದಿದ್ದ ಮೊದಲ ವಾಕ್ಯ ಇಲ್ಲಿ ಒಂದೇ ಏಟಿಗೆ ಬಂತು. ಎರಡನೆಯದು ಅದಕ್ಕೆ ಒತ್ತು ಕೊಟ್ಟಿತು. ನೌಕರರ ಸಂಘದ ಕಾರ್ಯದರ್ಶಿಯೊಬ್ಬನ ಮಾತು, ಅಧಿಕಾರಿಯೊಬ್ಬನ ಮಾತು, ಹಬ್ಬಕ್ಕೆ ಹಣ ಕಳಿಸಲಾಗದ ಹೋಟೆಲು ಕೆಲಸಗಾರರ ಪರದಾಟ. ಎಲ್ಲಿ ಕತ್ತರಿಸಿದರೂ ತಲೆ ಉಳಿಯುತ್ತಿತ್ತು. ತುಟಿ ಅಲ್ಲಾಡಿಸಿ ಓದಿ ನೋಡಿದ. ಕಿವಿಗೆ ಎಲ್ಲಿಯೂ ತೊಡಕಲಿಲ್ಲ. ತಾನು ಈವರೆಗೆ ಬರೆದದ್ದರಲ್ಲೆಲ್ಲ ಇದೇ ಒಳ್ಳೆಯದೆಂದು ಅವನಿಗೆ ಗೊತ್ತಾಯಿತು.

ಅಬ್ದುಲ್ಲ ಅಚ್ಚಿನ ಮೊಳೆ ಜೋಡಿಸುತ್ತ ಓದಿಕೊಂಡ. "ಬರವಣಿಗೆ ಭಾರೀ ಲಾಯ್ಕುಂಟು. ನಾಟಕಕ್ಕೆ ಇಷ್ಟೆಲ್ಲ ಎಂತಕೆ ಶೆಟ್ರೇ? ಇದನ್ನು ಓದಿದರೆ ನಾನೇ ನಾಳೆ ಬೊಂಬಾಯಿಗೆ ಕಾಗದ ಹಾಕುವುದಿಲ್ಲ," ಎಂದು ನಕ್ಕ.

"ನೀನು ಹಾಕಿದ ಕಾಗದಕ್ಕೆ ಅಲ್ಲಿ ಉತ್ತರ ಬರೆಯುವವರು ಯಾರುಂಟು? ಸುಮ್ಮನೆ ಜೋಡಿಸು," ಎಂದು ಶೆಟ್ಟರು ನಗಲು ನೋಡಿದರು.

ಲೋಕನಾಥ ಜೇಬಿನಿಂದ ನಿಜವಾದ ಪತ್ರಿಕೆ ತೆಗೆದು ಅಂಕಣದ ಅಗಲಕ್ಕೆ ದಾರ ಹಿಡಿದು ಕೊಟ್ಟ. ಅಕ್ಷರದ ಗಾತ್ರ ಹೋಲಿಸಿದ. ಅಂಕಣದ ನಡುವಿನ ಗೆರೆ ಸ್ವಲ್ಪ ತೆಳುವಾಗಬೇಕೆಂದ. ಶಾಯಿ ಹೆಚ್ಚು ಕಪ್ಪಾಗಿದೆಯೆಂದು ಒಂದು ಪ್ರತಿಯನ್ನು ಹರಿದುಹಾಕಿ ಇನ್ನೊಂದು ತೆಗೆಸಿದ. ಕಾಗದ ಕೂಡ ಪತ್ರಿಕೆಯ ಕಾಗದವೇ ಆಗಬೇಕೆಂದು ಅಬ್ದುಲ್ಲ ಗೋದಾಮಿನಿಂದ ಹುಡುಕಿ ತಂದ. ಮೂವರೂ ಆ ತುಂಡಿನ ಮೇಲೆ ತಲೆ ಬಗ್ಗಿಸಿ ನಿಂತು ನೋಡಿದರು. ಮಂಗಳೂರಿನ ಪತ್ರಿಕೆಯದೇ ತುಂಡು, ಅನುಮಾನವಿಲ್ಲ ಎಂದು ಮೂವರೂ ಒಪ್ಪಿದರು.

ಮನೆಗೆ ಹೋಗಿ, ಗಂಜಿಯ ಅಂಟು ಹಚ್ಚಿ, ಉಳಿದ ತುಂಡುಗಳ ಹಾಗೆ ದಪ್ಪ ಹಾಳೆಗೆ ಅಂಟಿಸಿ ಕೊಡುವುದೆಂದು ಲೋಕನಾಥ ಎಣಿಸಿದ್ದ. ಮಾವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಜಗಲಿ ಹತ್ತಿದವರೇ ಅಂಗಿಯ ಜೇಬಿನಿಂದ ತೆಗೆದು ಕಾಂತಿಯ ಮಡಿಲಿಗೆ ಹಾಕಿದರು.

"ತಗೋ ನಿನ್ನ ಮುಷ್ಕರ! ಇವನ ಪುಸ್ತಕದ ಎಡೆಯಲ್ಲಿ ಇತ್ತು. ಓದಿ ಆದ ಮೇಲೆ ಎದ್ದು ಊಟ ಮಾಡು. ಸರಸ, ಇವಳಿಗೆ ಬಡಿಸು ಮಾರಾಯ್ತಿ!" ಎಂದು, ಭಾರ ಇಳಿಸಿದವರ ಹಾಗೆ ಹಿತ್ತಿಲಿಗೆ ನಡೆದರು.

ಕಾಂತಿ ಬೆರಳಿಟ್ಟು ಓದತೊಡಗಿದಳು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಲೋಕನಾಥ ಎದುರಿನ ಕಂಬದ ಬಳಿ ನಿಂತು ಅವಳ ಬೆರಳನ್ನೇ ನೋಡುತ್ತಿದ್ದ. ಬೆರಳು ಹೋಟೆಲು ಕೆಲಸಗಾರರ ಪರದಾಟದ ಸಾಲಿಗೆ ಬಂದಾಗ ಅವಳ ಮುಖದಲ್ಲಿ ಒಂದು ಬೆಳಕು ಬಂತು. ಕೊನೆಯ ಸಾಲು ಮುಗಿಸಿದಳು. ಇನ್ನೂ ಏನಾದರೂ ಉಂಟೋ ಎಂದು ತುಂಡನ್ನು ಮಗುಚಿದಳು.

ಹಿಂಬದಿ ಖಾಲಿ ಇತ್ತು.

ಒಂದಕ್ಷರವಿಲ್ಲ. ಅರ್ಧ ತುಂಡಾದ ಜಾಹೀರಾತಿಲ್ಲ, ಬೇರೆ ಸುದ್ದಿಯ ಬಾಲವಿಲ್ಲ. ಮದುವೆಯ ಕಾಗದದ ಹಿಂಬದಿಯಂತೆ ಬೋಳು.

ಕಾಂತಿ ಆ ಖಾಲಿ ಬದಿಯನ್ನೂ ಓದುವವಳ ಹಾಗೆ ಮೇಲಿನಿಂದ ಕೆಳಕ್ಕೆ ನೋಡಿದಳು. ಆಮೇಲೆ ತುಂಡನ್ನು ಹೊಟ್ಟೆಯ ಮೇಲೆ ಹರಡಿ ಅಂಗೈಯಿಂದ ಸುಕ್ಕು ತೆಗೆದಳು. ಒಳಗೆ ಮಗು ಹೊರಳಿತೋ ಏನೋ, ಕಾಗದ ತಾನಾಗಿ ಒಮ್ಮೆ ಎದ್ದು ಮಲಗಿತು.

ಒಳಗೆ ಸರಸ ಬಟ್ಟಲು ಇಡುವ ಸದ್ದು ಕೇಳಿಸಿತು. "ಕಾಂತೀ, ಬಾ ಮಗಾ. ಬಿಸಿ ಉಂಟು."

"ಬಂದೆ ಅಮ್ಮ," ಎಂದಳು ಕಾಂತಿ. ದನಿ ಎಂದಿನಂತೆಯೇ ಇತ್ತು. ತುಂಡನ್ನು ಎತ್ತಿ, ಅಚ್ಚಾದ ಬದಿ ಮೇಲೆ ಬರುವಂತೆ ತಿರುಗಿಸಿ, ತಮ್ಮನ ಕಡೆಗೆ ಚಾಚಿದಳು.

"ಲೋಕು, ಇದನ್ನು ಒಮ್ಮೆ ಓದು."

"ನೀನೇ ಓದಿದೆಯಲ್ಲ ಅಕ್ಕ."

"ನಾನು ಓದಿದರೆ ಆಗುವುದಿಲ್ಲ. ನೀನು ಓದು, ನಾನು ಕೇಳ್ತೇನೆ." ಅವಳು ಕಂಬಕ್ಕೆ ತಲೆಯಾನಿಸಿದಳು. "ದಿನಾ ಇದನ್ನೇ ಓದು. ಬೇರೆ ಯಾವುದೂ ಬೇಡ. ಇವನು ಹೊರಗೆ ಬರುವ ತನಕ ಆ ಮುಷ್ಕರ ನಡೀಲಿ. ನೀನು ಓದಿದರೆ ನನಗೆ ಅನ್ನ ಇಳೀತದೆ ಲೋಕು. ಆಗದೋ?"

ಅವನು ತುಂಡನ್ನು ತೆಗೆದುಕೊಂಡ. ಬೆವರಿದ ಬೆರಳಿಗೆ ಅಬ್ದುಲ್ಲನ ಶಾಯಿ ಅಂಟಿತು. ಅವಳು ಆಗಲೇ ಕಣ್ಣು ಮುಚ್ಚಿದ್ದಳು. ಎರಡೂ ಅಂಗೈಗಳು ಹೊಟ್ಟೆಯ ಮೇಲೆ, ದೀಪದೆದುರು ಕೇಳಲು ಕೂತವರ ಹಾಗೆ. ಒಳಗಿನಿಂದ ತಾಯಿ ಮತ್ತೊಮ್ಮೆ ಕರೆದಳು. ಮೊದಲ ವಾಕ್ಯ ಅವನ ನಾಲಗೆಯ ತುದಿಗೇ ಬಂದು ನಿಂತಿತ್ತು, ಒಂದೂ ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಅದು ಸುಳ್ಳೆಂದು ಕೇಳುವವಳಿಗೂ ಈಗ ಗೊತ್ತಿತ್ತು.

"ಓದು," ಎಂದಳು ಕಾಂತಿ, ಕಣ್ಣು ತೆರೆಯದೆ.

"ಇಲ್ಲ ಅಕ್ಕ," ಎಂದ ಲೋಕನಾಥ. "ನಾನು ಓದುವುದಿಲ್ಲ."